ಅನರ್ಥದಂಡವಿರತಿಯೂ ದಿನಸಿ ಅಂಗಡಿಯೂ

ಪ್ರಯೋಜನವಿಲ್ಲದೆ ಜೀವಿಗಳಿಗೆ ಪೀಡೆಯನ್ನುಂಟುಮಾಡುವ ಕಾರ್ಯವೇ ಅನರ್ಥದಂಡ. ಅದರಿಂದ ದೂರವಿರುವುದು ಶ್ರಾವಕನ ಹನ್ನೆರಡು ವ್ರತಗಳಲ್ಲೊಂದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಹೇಳುತ್ತ, ಕೊನೆಯದಾಗಿ ಉಪಭೋಗಪರಿಭೋಗಾನರ್ಥಕ್ಯವನ್ನು ಹೆಸರಿಸಿರುವರು. ಅಗತ್ಯಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಡುವುದೇ ಅದು. ಪರ್ವದಲ್ಲಿ ಉಪವಾಸ ಮಾಡಿದವನ ಮನೆಯ ಡಬ್ಬಿಯಲ್ಲಿ ಬೇಳೆಯು ಹುಳು ಹಿಡಿದಿದ್ದರೆ, ವ್ರತವನ್ನು ಹೊಟ್ಟೆ ಪಾಲಿಸಿತು, ಉಗ್ರಾಣ ಪಾಲಿಸಲಿಲ್ಲ.

ಧಾನ್ಯ ಕೆಡುವುದು ಹಣದ ನಷ್ಟ ಮಾತ್ರವಲ್ಲ. ಹುಳುವು ತ್ರಸಜೀವಿ. ಅದು ಹುಟ್ಟಿದ ಮೇಲೆ ಧಾನ್ಯವನ್ನು ಬಿಸಿಲಿಗೆ ಹರಡಿದರೂ, ಬೀಸಿದರೂ, ತಿಪ್ಪೆಗೆ ಚೆಲ್ಲಿದರೂ ಹಿಂಸೆ ತಪ್ಪದು. ಆದುದರಿಂದಲೇ ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮರ್ಯಾದೆ ನಡೆದುಬಂದಿದೆ. ಸ್ವಲ್ಪ ಕೊಂಡು ಆಗಾಗ ಬೀಸಿಕೊಳ್ಳುವವನಿಗೆ ಈ ಮರ್ಯಾದೆ ಸುಲಭ. ಅಂಗಡಿಯಲ್ಲಿ ದೊಡ್ಡ ದೊಡ್ಡ ಮುಚ್ಚಿದ ಪೊಟ್ಟಣಗಳೇ ದೊರೆಯುವುದಾದರೆ ಇಬ್ಬರಿರುವ ಮನೆಗೆ ಅದು ಕಷ್ಟ. ಹೀಗೆ ಅಂಗಡಿಯ ರಚನೆಯೂ ವ್ರತಪಾಲನೆಗೆ ಸಂಬಂಧಿಸಿದ ವಿಷಯವಾಗಿದೆ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಲೋಕದಲ್ಲಿ ಸುಮಾರು 105 ಕೋಟಿ ಟನ್ ಆಹಾರವು ವ್ಯರ್ಥವಾಯಿತು. ಅದರಲ್ಲಿ ಅಂಗಡಿಗಳ ಪಾಲು ಶೇಕಡ 12 ಆದರೆ ಮನೆಗಳ ಪಾಲು ಶೇಕಡ 60. ಅಗ್ಗವೆಂದು ಹೆಚ್ಚು ಕೊಂಡುದು ಕೊಳೆತರೆ ಅಗ್ಗವೆಲ್ಲಿ ಉಳಿಯಿತು?

ಇನ್ನು ಪೊಟ್ಟಣದ ಮಾತು. ಕರ್ನಾಟಕ ಸರ್ಕಾರವು 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಬೇಳೆ, ರವೆಗಳ ಪ್ಲಾಸ್ಟಿಕ್ ಹೊದಿಕೆ ಮಾತ್ರ ಉಳಿದಿದೆ. ಆಹಾರದ ವಾಸನೆಗೆ ಹಸುವು ಅದನ್ನು ನುಂಗಿದರೆ, ಅದು ಜೀರ್ಣವಾಗದೆ ಹೊಟ್ಟೆಯಲ್ಲಿ ಗಂಟುಕಟ್ಟಿ ಪ್ರಾಣಕ್ಕೇ ಎರವಾಗುತ್ತದೆ. ಎಸೆದವನಿಗೆ ಕೊಲ್ಲುವ ಮನಸ್ಸಿರಲಿಲ್ಲ ನಿಜ, ಆದರೆ ಪ್ರಮಾದವಿತ್ತು. ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯನ್ನೂ ಅನರ್ಥದಂಡದಲ್ಲಿಯೇ ಎಣಿಸಿದ್ದಾರೆ. ವೃತ್ತಪತ್ರಿಕೆಯ ಪೊಟ್ಟಣವೂ ಇದಕ್ಕೆ ಪರಿಹಾರವಲ್ಲ. ಅದರ ಮಸಿಯು ಆಹಾರಕ್ಕಿಳಿಯುವುದು.

ಹಳ್ಳಿಮೈಸೂರಿನಂತಹ ಹೋಬಳಿಯ ಊರಿನಲ್ಲಿ ಇದಕ್ಕೆ ಉಪಾಯ ಕಠಿಣವಲ್ಲ. ಬರ್ಲಿನ್ ನಗರದಲ್ಲಿ 2014ರಲ್ಲಿ ಪೊಟ್ಟಣವಿಲ್ಲದ ಅಂಗಡಿಯೊಂದು ತೆರೆದಾಗ ಅದು ಹೊಸತೆನಿಸಿತು. ಸೇರು ಪಾವುಗಳಲ್ಲಿ ಅಳೆದು ಗಿರಾಕಿಯ ಚೀಲಕ್ಕೆ ಸುರಿಯುವ ಪದ್ಧತಿ ಈ ನಾಡಿಗೆ ಹಳೆಯದು. ಮೇಲಿನಿಂದ ತುಂಬಿ ಕೆಳಗಿನ ಬಾಯಿಂದ ತೆಗೆಯುವ ಡಬ್ಬಿಗಳಿದ್ದರೆ ಹಳೆಯ ಧಾನ್ಯವೇ ಮೊದಲು ಹೊರಬರುವುದು. ಹೊಸದನ್ನು ಸುರಿಯುವ ಮುನ್ನ ಡಬ್ಬಿಯನ್ನು ಬರಿದುಮಾಡಿ, ಒರೆಸಿ, ಒಣಗಿಸಬೇಕು. ಮೂಟೆಗಳು ಗೋಡೆಗೂ ನೆಲಕ್ಕೂ ತಾಗದೆ ಹಲಗೆಯ ಮೇಲಿರಬೇಕು. ಅವಧಿ ಸಮೀಪಿಸಿದ ಪದಾರ್ಥವನ್ನು ಬೇರೆಯಾಗಿರಿಸಿ, ಸಂಗತಿಯನ್ನು ತಿಳಿಸಿಯೇ ಕಡಿಮೆ ಬೆಲೆಗೆ ಕೊಡಬೇಕು. ಗಿರಾಕಿಯು ತಂದ ಪಾತ್ರೆಯ ತೂಕವನ್ನು ಮೊದಲೇ ಕಳೆಯಬೇಕು. ಇಲ್ಲವಾದರೆ ಒಂದು ವ್ರತವನ್ನು ಕಾಯಲು ಹೋಗಿ, ಅಚೌರ್ಯದ ಅತಿಚಾರವಾದ ಹೀನಾಧಿಕಮಾನೋನ್ಮಾನಕ್ಕೆ ಗುರಿಯಾದಂತಾಗುವುದು. ನೂರು ಗ್ರಾಂ ಬೇಡಿದ ಬಡವನಿಗೂ ಬೇಸರಿಸದೆ ತೂಗಿಕೊಡುವುದು ವರ್ತಕನ ಧರ್ಮ.

ದಶಲಕ್ಷಣ ಪರ್ವಕ್ಕೆ ಮುನ್ನ ಪ್ರತಿ ಗೃಹಸ್ಥನೂ ಮನೆಯ ಡಬ್ಬಿಗಳನ್ನು ನೋಡಿ, ಇರುವುದನ್ನು ಬಳಸಿ, ಬೇಕಾದಷ್ಟನ್ನೇ ಬಟ್ಟೆಯ ಚೀಲದಲ್ಲಿ ತರುವ ನಿಯಮವನ್ನು ಒಂದು ವರ್ಷದ ಮಟ್ಟಿಗಾದರೂ ಕೈಕೊಳ್ಳತಕ್ಕದ್ದು. ಉಪವಾಸದ ಶಕ್ತಿಯಿಲ್ಲದ ವೃದ್ಧರಿಗೂ ಬಾಲಕರಿಗೂ ಇದು ಸಾಧ್ಯವಾದ ವ್ರತ.