ದಾಸವಾಳ ತೆಗೆದ ಮೇಲೆ

ಸ್ಫಟಿಕದ ಪಕ್ಕದಲ್ಲಿ ದಾಸವಾಳ ಇಟ್ಟರೆ ಸ್ಫಟಿಕ ಕೆಂಪಾಗಿ ತೋರುತ್ತದೆ. ಹೂವು ತೆಗೆದರೆ ಕೆಂಪು ಹೋಗುತ್ತದೆ, ಕಲ್ಲು ಇದ್ದ ಹಾಗೇ ಇರುತ್ತದೆ. ಸುಖದುಃಖಗಳು ಆತ್ಮಕ್ಕೆ ಅಂಟಿದಂತೆ ಕಂಡರೂ ಅಂಟುವುದಿಲ್ಲ ಎನ್ನಲು ಸಾಂಖ್ಯರೂ ವೇದಾಂತಿಗಳೂ ಕೊಟ್ಟ ದೃಷ್ಟಾಂತವಿದು. ಶೃಂಗೇರಿಯಲ್ಲಿ ಚಂದ್ರಮೌಳೀಶ್ವರನಿಗೆ ಪೂಜೆ ಸಲ್ಲುವುದೂ ಸ್ಫಟಿಕಲಿಂಗದಲ್ಲೇ. ಕಲ್ಲು ಲಿಂಗವಾಗಲು ಸಾಮಾನ್ಯವಾಗಿ ತನ್ನ ಮೂಲೆಗಳನ್ನು ಕಳೆದುಕೊಂಡು ನುಣುಪಾಗಬೇಕು. ಖನಿಜದ ಹರಳು ಸಂಗ್ರಹಿಸುವವನಿಗೆ ಆ ನುಣುಪೇ ನಷ್ಟ. ಅವನಿಗೆ ಬೇಕಾದದ್ದು ಹುಟ್ಟಿದ ಹಾಗೇ ಇರುವ ಮುಖಗಳು, ಮುಕ್ಕಾಗದ ತುದಿ, ಯಾವ ಊರಿನ ಯಾವ ಗಣಿಯದು ಎಂದು ಬರೆದ ಚೀಟಿ. ಪೂಜಿಸುವವನು, ಸಂಗ್ರಹಿಸುವವನು ಇಬ್ಬರಲ್ಲಿ ಕಲ್ಲನ್ನು ಸರಿಯಾಗಿ ಕಂಡವನು ಸಂಗ್ರಾಹಕನೇ ಎಂಬುದು ನನ್ನ ವಾದ. ಅವನು ಕಂಡದ್ದು ಆ ದೃಷ್ಟಾಂತವನ್ನೂ ಅಲುಗಿಸುತ್ತದೆ.

ಬಣ್ಣದ ಮಟ್ಟಿಗೆ ದಾರ್ಶನಿಕರ ಮಾತು ನಿಲ್ಲುತ್ತದೆ. ಅಮೆಥಿಸ್ಟ್ ಕೂಡ ಸ್ಫಟಿಕವೇ. ಒಳಸೇರಿದ ಲವಲೇಶ ಕಬ್ಬಿಣ, ಸುತ್ತಲಿನ ಬಂಡೆಯ ವಿಕಿರಣ ಎರಡೂ ಸೇರಿ ಅದಕ್ಕೆ ನೇರಳೆ ಕೊಟ್ಟಿವೆ. ಕುಲುಮೆಯಲ್ಲಿ ಕಾಯಿಸಿದರೆ ಎಷ್ಟೋ ಹರಳುಗಳು ಹಳದಿಗೆ ತಿರುಗುತ್ತವೆ. ದಾಸವಾಳ ಒಳಗೇ ಕೂತಿದೆ, ಅಷ್ಟೆ. ಆದರೆ 1669ರಲ್ಲಿ ಡೆನ್ಮಾರ್ಕಿನ ಸ್ಟೆನೊ (ಮುಂದೆ ಕಲ್ಲುಗಳನ್ನು ಬಿಟ್ಟು ಬಿಷಪ್ ಆದವನು) ಇನ್ನೊಂದನ್ನು ಗಮನಿಸಿದ: ಸ್ಫಟಿಕದ ಮುಖಗಳು ಹಿರಿದಾಗಲಿ ಕಿರಿದಾಗಲಿ, ಅವುಗಳ ನಡುವಿನ ಕೋನ ಬದಲಾಗದು. ಆರುಮೂಲೆಯ ಕಂಬದಂಥ ಆ ಹರಳಿನ ಅಕ್ಕಪಕ್ಕದ ಬದಿಗಳ ನಡುವೆ, ಅದು ಯಾವ ದೇಶದ್ದಾದರೂ, 120 ಡಿಗ್ರಿ. ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳ ಜೋಡಣೆ ಹೊರಗೆ ಕಾಣಿಸಿಕೊಳ್ಳುವ ಬಗೆ ಅದು. ಬಣ್ಣ ಇಲ್ಲದ್ದನ್ನು ಗುಣ ಇಲ್ಲದ್ದೆಂದು ತಿಳಿದದ್ದೇ ದಾರ್ಶನಿಕರು ಎಡವಿದ ಜಾಗ.

ಉಪಮಾನದಲ್ಲಿ ಬೇಕಾದ ಅಂಶವನ್ನಷ್ಟೇ ತೆಗೆದುಕೊಳ್ಳಬೇಕು, ಚಂದ್ರಮುಖಿ ಎಂದರೆ ಮುಖದಲ್ಲಿ ಕಲೆ ಹುಡುಕಬಾರದು ಎನ್ನಬಹುದು. ಕಾವ್ಯಕ್ಕೆ ಈ ರಿಯಾಯಿತಿ ಸರಿ. ನ್ಯಾಯಶಾಸ್ತ್ರದಲ್ಲಿ ಉದಾಹರಣೆ ವಾದದ ಐದು ಅವಯವಗಳಲ್ಲೊಂದು. ಅದು ಸಡಿಲವಾದರೆ ವಾದವೇ ಕುಂಟುತ್ತದೆ. ಇನ್ನೂ ಗಟ್ಟಿಯಾದ ಆಕ್ಷೇಪ, ಪರಮಾಣುಗಳ ಜೋಡಣೆಯೂ ಉಪಾಧಿಯೇ, ಅಂದರೆ ಇನ್ನೊಂದು ದಾಸವಾಳವೇ, ಅಲ್ಲವೆ ಎಂಬುದು. ಹೌದು. ಸಾಮಾನ್ಯ ಒತ್ತಡದಲ್ಲಿ 573 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದೂ ಬದಲಾಗುತ್ತದೆ, ತಣಿದರೆ ಮರಳುತ್ತದೆ. ಆದರೆ ಇದನ್ನು ಒಪ್ಪಿದರೆ ಹೂವುಗಳನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ಶುದ್ಧ ಕಲ್ಲೇ ಸಿಗುವುದಿಲ್ಲ. ಗೆಲುವು ವೇದಾಂತಿಯ ಕೈತಪ್ಪಿ, ಯಾವುದಕ್ಕೂ ಸ್ವಭಾವವಿಲ್ಲ ಎಂದ ಬೌದ್ಧ ನಾಗಾರ್ಜುನನ ಪಾಲಾಗುತ್ತದೆ.

ಕೂಡಿಡುವವನಿಗೆ ಅಪರಿಗ್ರಹವೆಲ್ಲಿ ಎಂಬ ಪ್ರಶ್ನೆ ಉಳಿದೇ ಇದೆ. ಲೋಭ ಅವನಿಗೆ ಇರಬಹುದು, ಬಹಳ ಸಲ ಇರುತ್ತದೆ. ಆದರೆ ಲೋಭಿ ಕಂಡ ಕೋನವೂ 120 ಡಿಗ್ರಿಯೇ. ಅವನ ಚೀಟಿಯಲ್ಲಿ ಮುಖ್ಯವಾದದ್ದು ಗಣಿಯ ಹೆಸರು. ಒಡೆಯರು ಬದಲಾದರೆ ಹೊಸಬ ಹಳಬರ ಚೀಟಿಗಳನ್ನು ಎಸೆಯದೆ ಹರಳಿನ ಜೊತೆಗೇ ಇಡುತ್ತಾನೆ, ತನ್ನದನ್ನು ಅವುಗಳ ಕೆಳಗೆ ಸೇರಿಸುತ್ತಾನೆ.