ಒಬ್ಬರೇ ಓದಿದರೆ ಸಾಲದೆ?

ಹೊಳಲ್ಕೆರೆಯಲ್ಲಿರುವ ನನ್ನ ಅಕ್ಕ ದಿನವೂ ಲಿಂಗಪೂಜೆ ಮುಗಿಸಿ ಒಬ್ಬಳೇ ಕೂತು ವಚನ ಓದುವವಳು. ಹಿರಿಯೂರಿನಲ್ಲಿ ನಾವು ಕೆಲವರು ಸೇರಿ ಶರಣರ ಸಂವಾದಗಳ ಗ್ರಂಥ ಶೂನ್ಯಸಂಪಾದನೆ ಓದುತ್ತಿದ್ದೇವೆ ಎಂದಾಗ ಅವಳಿಗೆ ಹಿಡಿಸಲಿಲ್ಲ. “ಶಿವನ ಮಾತು ಮನಸ್ಸಿಗೆ ಇಳೀಬೇಕು ಕಣೆ. ನಾಕು ಜನ ಕೂತು ಹೌದು ಅಲ್ಲ ಅಂತ ಜಗ್ಗಾಡೋಕಲ್ಲ” ಎಂದಳು. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅನುಭಾವ ಅವರವರ ಒಳಗೇ ಆಗಬೇಕಾದದ್ದು. ಹಾಗಿದ್ದಮೇಲೆ ಅದಕ್ಕೆ ಗೋಷ್ಠಿ ಯಾಕೆ?

ಈ ಪ್ರಶ್ನೆ ಶೂನ್ಯಸಂಪಾದನೆಯೊಳಗೇ ಇದೆ. ಲಕ್ಕುಂಡಿಯ ಅಜಗಣ್ಣ ತನ್ನ ಭಕ್ತಿಯನ್ನು ಹೊರಗೆ ತೋರದೆ ಬಚ್ಚಿಟ್ಟುಕೊಂಡವನು. ಅವನು ತೀರಿಹೋದಾಗ ತಂಗಿ ಮುಕ್ತಾಯಕ್ಕನಿಗೆ ಅಣ್ಣನೂ ಇಲ್ಲ, ಗುರುವೂ ಇಲ್ಲ. ಅಲ್ಲಿಗೆ ಬಂದ ಶರಣ ಅಲ್ಲಮನಿಗೆ ಅವಳು ಕೂಡಲೇ ತಲೆಬಾಗುವುದಿಲ್ಲ. ಮಾತನ್ನೇ ಇನ್ನೂ ಬಿಡದ ನೀನು ನನಗೆ ಏನು ಹೇಳಬಲ್ಲೆ ಎಂಬ ಧಾಟಿಯಲ್ಲಿ ಎದುರು ನಿಲ್ಲುತ್ತಾಳೆ. ಮಾತಿನ ಬಗ್ಗೆ ಅಲ್ಲಮನಿಗೆ ಅವಳಿಗಿಂತ ಹೆಚ್ಚಿನ ಅನುಮಾನ. ಆದರೂ ಅವನು ಎದ್ದು ಹೋಗುವುದಿಲ್ಲ, ಕೂತು ಮಾತಾಡುತ್ತಾನೆ.

ಈ ಭಾಗ ಓದಿದ ಸಂಜೆ ನಮ್ಮಲ್ಲೊಬ್ಬ ತೆಂಗಿನ ತೋಟದವರು ಪುಸ್ತಕ ಕೆಳಗಿಟ್ಟು ಹೇಳಿದರು: “ತಮ್ಮ ಹೋದಮೇಲೆ ನಮ್ಮನೇಲಿ ಯಾರೂ ಅವನ ಹೆಸರೆತ್ತಲ್ಲ. ಅಲ್ಲಮ ನೋಡಿ, ಆಕೆ ಮುಂದೆ ಅಣ್ಣನ ಮಾತೇ ತೆಗೀತಾನೆ.” ತರಗತಿಯಲ್ಲಿ ಮಾತು-ಮೌನಗಳ ತತ್ವವೆಂದು ಹೇಳಿಕೊಡುವ ಪ್ರಸಂಗವನ್ನು ಅವರು ಸಾವಿನ ಮನೆಯ ಪ್ರಸಂಗವಾಗಿ ಓದಿದ್ದರು. ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಒಪ್ಪಲಿಲ್ಲ. ದುಃಖ ಇಳಿಯಲಿಲ್ಲ, ಆಕೆಗೆ ಕೇಳುವ ಧೈರ್ಯ ಬಂತು ಅಷ್ಟೆ ಎಂದಳು. ಅಕ್ಷರ ಬಾರದ ಅಜ್ಜಿಯೊಬ್ಬರು ಅಷ್ಟು ಹೊತ್ತೂ ಸುಮ್ಮನೆ ಕೇಳುತ್ತಿದ್ದವರು, “ಅತ್ತಿದ್ದು ತಪ್ಪು ಅಂತ ಅಲ್ಲಮ ಎಲ್ಲಾದ್ರೂ ಅಂದವ್ನಾ?” ಎಂದರು. ಎಲ್ಲರೂ ಹಿಂದಿನ ಪುಟಗಳಿಗೆ ಹೋದೆವು. ಆ ಸಂಜೆ ಮುಂದಿನ ವಚನಕ್ಕೆ ಬರಲೇ ಇಲ್ಲ.

ಒಬ್ಬಳೇ ಓದುವಾಗ ನನಗೆ ಒಪ್ಪಿಗೆಯಾದ ಅರ್ಥವನ್ನೇ ಶಿವನ ಮಾತೆಂದು ನಂಬಿಬಿಡುತ್ತೇನೆ. ತಡೆಯುವವರು ಯಾರೂ ಇರುವುದಿಲ್ಲ. ನಾನೆಂಬುದು ಕರಗಬೇಕೆಂದು ಶರಣರು ಹೇಳಿದರು. ನನ್ನ ಅರ್ಥವನ್ನು ಇನ್ನೊಬ್ಬರ ಮುಂದಿಟ್ಟು, ಅವರದು ಸರಿ ಕಂಡರೆ ನನ್ನದನ್ನು ಬಿಟ್ಟುಕೊಡುವುದು ಆ ಕರಗುವಿಕೆಯ ಮೊದಲ ಅಭ್ಯಾಸವೆಂದು ನಾನು ನಂಬಿದ್ದೇನೆ. ಪೂಜೆಯಷ್ಟೇ ಅದೂ ಸಾಧನೆ.

ಶೂನ್ಯಸಂಪಾದನೆ ಹುಟ್ಟಿದ ರೀತಿಯೇ ಇದಕ್ಕೆ ಸಾಕ್ಷಿ. ಹನ್ನೆರಡನೆಯ ಶತಮಾನದ ವಚನಗಳು ಬಿಡಿಬಿಡಿಯಾಗಿದ್ದವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಅವನ್ನು ಎದುರುಬದುರು ಕೂರಿಸಿ ಸಂವಾದ ಕಟ್ಟಿದ. ಆಮೇಲೆ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಇನ್ನೂ ಕೆಲವರು ಅದನ್ನು ತಮ್ಮ ತಮ್ಮ ರೀತಿಯಲ್ಲಿ ಮತ್ತೆ ಕಟ್ಟಿದರು. ಒಂದು ವಚನಕ್ಕೆ ಇನ್ನೊಂದು ವಚನ ಉತ್ತರ ಕೊಡಬೇಕೆಂದು ಅವರಿಗೆ ತೋರಿತ್ತು.

ಕೇಳುವುದೂ ಓದೇ ಎಂಬುದನ್ನು ನಮ್ಮ ಜಿಲ್ಲೆಗೆ ಯಾರೂ ಕಲಿಸಬೇಕಿಲ್ಲ. ಶ್ರಾವಣದಲ್ಲಿ ಪುರಾಣ ಹಚ್ಚಿದರೆ ಊರೇ ಕೂತು ಕೇಳುತ್ತಿತ್ತು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರವಿಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲಿ ಹೊತ್ತವರು. ಆದರೆ ಪುರಾಣದಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಕೈಮುಗಿಯುತ್ತಾರೆ. ತಿರುಗಿ ಕೇಳುವ ಅವಕಾಶ ಅಲ್ಲಿ ಕಡಿಮೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮಿಗಳು 2019ರ ಆಗಸ್ಟ್‌ನಲ್ಲಿ ‘ಮತ್ತೆ ಕಲ್ಯಾಣ’ ಎಂದು ಜಿಲ್ಲೆ ಜಿಲ್ಲೆ ಸುತ್ತಿದಾಗ ವಿದ್ಯಾರ್ಥಿಗಳೊಂದಿಗೆ ಸಂವಾದವನ್ನೂ ಇಟ್ಟಿದ್ದರು. ಮಠದವರು ಪ್ರಶ್ನೆಗೆ ಎದುರಾಗಿ ಕೂರುವುದು ನನಗೆ ಪ್ರವಚನಕ್ಕಿಂತ ದೊಡ್ಡದು.

ಒಂದು ಆತಂಕವಿದೆ. ಒಂದೇ ಜಾತಿ, ಒಂದೇ ಬೀದಿಯವರು ಸೇರಿ ಓದಿದರೆ ಒಬ್ಬರೇ ಓದಿದ್ದಕ್ಕಿಂತ ಕೆಡುಕು. ತಪ್ಪು ಅರ್ಥಕ್ಕೆ ಹತ್ತು ಜನರ ಬಲ ಬರುತ್ತದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸೂಳೆ ಸಂಕವ್ವೆ ವಚನ ಬರೆದ ಪರಂಪರೆಗೆ ಅದು ಅಪಚಾರ.

ಈ ಶ್ರಾವಣಕ್ಕೆ ನಿಮ್ಮೂರ ಗ್ರಂಥಾಲಯದಲ್ಲಿ ಶೂನ್ಯಸಂಪಾದನೆ ಕೇಳಿ ತನ್ನಿ. ನಿಮ್ಮ ಮಾತು ಒಪ್ಪದ ಒಬ್ಬರನ್ನು, ನಿಮ್ಮ ಜಾತಿಯಲ್ಲದ ಒಬ್ಬರನ್ನು, ಓದು ಬಾರದ ಒಬ್ಬರನ್ನು ಕರೆಯಿರಿ. ಮುಕ್ತಾಯಕ್ಕನ ಭಾಗದಿಂದಲೇ ಶುರು ಮಾಡಿ.