ಕೂಡದ ಅಂಗೈ

ದೇವರೇ, ನಿನಗೆ ನೆಟ್ಟಗೆ ಕೈಮುಗಿಯಲೂ ನನ್ನಿಂದಾಗದು. ಅಂಗೈಗೆ ಅಂಗೈ ಕೂಡಬೇಕಾದರೆ ಮಣಿಕಟ್ಟು ಹಿಂದಕ್ಕೆ ಬಾಗಬೇಕು. ನನ್ನದು ಬಾಗುವುದಿಲ್ಲ. ಬೆರಳ ತುದಿ ಮುಟ್ಟುತ್ತದೆ, ಬುಡದಲ್ಲಿ ಸಂದು ಉಳಿಯುತ್ತದೆ. ಡಾಕ್ಟರೂ ಇದನ್ನೇ ನೋಡುತ್ತಾರೆ. ‘ಎಲ್ಲಿ, ನಮಸ್ಕಾರ ಮಾಡಿ’ ಅನ್ನುತ್ತಾರೆ. ಮಾಡಿದಷ್ಟು ನಿನಗೂ ಸಂದಿತೆಂದು ನಂಬಿದ್ದೇನೆ.

ಒಂದೊಂದು ಮಣಿಕಟ್ಟಿನಲ್ಲಿ ಎಂಟೆಂಟು ಪುಟ್ಟ ಎಲುಬು ಇಟ್ಟೆ. ಬಳೆ ತೊಡುವಾಗ, ಹಿಟ್ಟು ನಾದುವಾಗ, ಮಗುವಿನ ನೆತ್ತಿಗೆ ನೀರು ಹೊಯ್ಯುವಾಗ ಅವು ಇವೆಯೆಂದೇ ಗೊತ್ತಿರಲಿಲ್ಲ. ಅಷ್ಟು ವರ್ಷದ ಮೌನ ಸೇವೆಗೆ ಈಗ ವಂದನೆ ಹೇಳುತ್ತೇನೆ, ತಡವಾಗಿ.

ರುಮಟಾಯ್ಡ್ ಸಂಧಿವಾತ ಅಂದರು. ಮೈ ಕಾಯಲೆಂದು ನೀನಿಟ್ಟ ಕಾವಲೇ ಕೀಲಿನ ಒಳಪೊರೆಯ ಮೇಲೆ ಬಿತ್ತು. ಪೊರೆ ಊದಿತು, ದಪ್ಪವಾಯಿತು, ಮೃದ್ವಸ್ಥಿಯನ್ನು ತಿಂದಿತು, ಆಮೇಲೆ ಎಲುಬಿನ ಅಂಚಿಗೂ ಬಾಯಿ ಹಾಕಿತು. ವರ್ಷಗಳ ಮೇಲೆ ಎಕ್ಸ್‌ರೇ ತೆಗೆಸಿದರೆ ಎಲುಬುಗಳ ನಡುವೆ ಸಂದೇ ಕಾಣಲಿಲ್ಲ, ಕೆಲವು ಬೆಸೆದುಕೊಂಡಿದ್ದವು. ಕಿರುಬೆರಳ ಕಡೆಯ ಎಲುಬಿನ ತುದಿ ಮಣಿಕಟ್ಟಿನ ಮೇಲೆ ಗಂಟಾಗಿ ಎದ್ದಿದೆ. ಒತ್ತಿದರೆ ಹಾರ್ಮೋನಿಯಂ ಮನೆಯ ಹಾಗೆ ತಗ್ಗುತ್ತದೆ, ಬಿಟ್ಟರೆ ಏಳುತ್ತದೆ. ನಾದ ಮಾತ್ರ ನನ್ನ ಬಾಯಿಂದ.

ಆ ಗಂಟಿನ ಒರಟಿಗೆ ಉಜ್ಜಿ ಉಜ್ಜಿ ಬೆರಳೆತ್ತುವ ಸ್ನಾಯುರಜ್ಜು ಹರಿಯುವುದುಂಟು. ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕ ಕೂತವರ ಕಿರುಬೆರಳು ಜೋತುಬಿದ್ದಿತ್ತು. ಹರಿದಾಗ ನೋವೇ ಆಗಲಿಲ್ಲವಂತೆ. ಬೆಳಿಗ್ಗೆ ಮುಖ ತೊಳೆಯುವಾಗ ಬೆರಳು ಏಳಲಿಲ್ಲ, ಆಗ ತಿಳಿಯಿತಂತೆ. ಅದನ್ನು ಇದುವರೆಗೆ ನನ್ನಿಂದ ದೂರ ಇಟ್ಟಿದ್ದೀಯ. ಇಟ್ಟಿರು.

ಮೆಥೊಟ್ರೆಕ್ಸೇಟ್ ಕೊಟ್ಟದ್ದಕ್ಕೆ ನಿನಗೆ ಶರಣು. ಕ್ಯಾನ್ಸರಿಗೆ ಬಳಸುತ್ತಿದ್ದ ಮದ್ದು. 1988ರಲ್ಲಿ ಅಮೆರಿಕ ಈ ಬೇನೆಗೂ ಅದನ್ನು ಒಪ್ಪಿತು. ವಾರಕ್ಕೆ ಒಂದೇ ದಿನ ನುಂಗಬೇಕು, ದಿನವೂ ನುಂಗಿದರೆ ಜೀವಕ್ಕೇ ಕುತ್ತು. ಆ ಲೆಕ್ಕ ತಪ್ಪದಷ್ಟು ನೆನಪು ಕೊಡು. ಮದ್ದು ಬೇನೆಯನ್ನು ತಡೆದು ನಿಲ್ಲಿಸಿತು, ಸವೆದುಹೋದದ್ದನ್ನು ತಂದುಕೊಡಲಿಲ್ಲ. ತಡೆದದ್ದೂ ಸಣ್ಣದಲ್ಲ.

ಬಲ ಮಣಿಕಟ್ಟಿಗೆ ಪ್ಲೇಟು, ಸ್ಕ್ರೂ ಹಾಕಿ ಬಿಗಿದುಬಿಡೋಣ ಅನ್ನುತ್ತಾರೆ. ಇನ್ನೆಂದೂ ಬಾಗದು, ಆದರೆ ನೋವು ಬಹುಪಾಲು ಹೋಗುತ್ತದೆ. ಬೆರಳು ಆಡುತ್ತವೆ, ತುತ್ತು ಬಾಯಿಗೆ ಬರುತ್ತದೆ. ಒಪ್ಪಿದ್ದೇನೆ. ಬಾಗುವ ಕೈಗಿಂತ ರಾತ್ರಿಯ ನಿದ್ದೆ ದೊಡ್ಡದು. ಕತ್ತಿ ಹಿಡಿದವರ ಕೈಯಲ್ಲಿ ನೀನಿರು.

ನನಗೆ ಇಷ್ಟು ಸಾಕು. ಇನ್ನೊಬ್ಬಳಿದ್ದಾಳೆ, ಯಾವುದೋ ಊರಿನಲ್ಲಿ. ಎರಡೂ ಮಣಿಕಟ್ಟು ಊದಿವೆ. ಬೆಳಿಗ್ಗೆ ಎದ್ದು ತಾಸು ಕಳೆದರೂ ಮುಷ್ಟಿ ಕಟ್ಟಲಾಗದು. ‘ಚಳಿಗೆ ಹಾಗೆ, ಎಣ್ಣೆ ಹಚ್ಚಿಕೊ’ ಅನ್ನುತ್ತಾರೆ ಮನೆಯವರು. ಎಣ್ಣೆಯನ್ನು ನಾನು ಬೈಯುವುದಿಲ್ಲ. ಅದು ಎಲುಬನ್ನು ಉಳಿಸದು, ಅಷ್ಟೆ. ಮೊದಲ ತಿಂಗಳುಗಳಲ್ಲೇ ಮದ್ದು ಬಿದ್ದರೆ ಅವಳ ಕೀಲು ಉಳಿದೀತು. ಅವಳನ್ನು ಈ ವಾರವೇ ಸಂಧಿವಾತದ ಡಾಕ್ಟರ ಬಳಿಗೆ ಕಳಿಸು, ತಂದೆ.